ಹಡೆದ ಮನೆಯ ಗೋಡೆ

ಹೊಳೆ ದಂಡೆಯ ಮೇಲೊಂದು ಮಠ. ಆ ಮಠಕ್ಕೆ ಬೂದಯ್ಯಜ್ಜ ಅಂತ ಹಿರಿಯರು. ಮಾತು ಕಡಿಮೆ, ನಗು ಜಾಸ್ತಿ.

ಅವರ ಹತ್ತಿರ ಪಂಪಯ್ಯ ಅಂತ ಒಬ್ಬ ಶಿಷ್ಯ. ಹರೆಯದವನು, ತೋಳಲ್ಲಿ ಕಸುವು ತುಂಬಿದವನು. ಏನು ಕೇಳಿದರೂ ಉತ್ತರ ಅವನ ನಾಲಿಗೆ ತುದಿಯಲ್ಲೇ ಕೂತಿರುತ್ತಿತ್ತು.

ಮಠದ ದಾಸೋಹದ ಮನೆ ಬಹಳ ಹಳೆಯದು. ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಗೆದ್ದಲು ತೊಲೆಗಳ ಹೊಟ್ಟೆ ತಿಂದು ಬರೀ ಮೈ ಉಳಿಸಿತ್ತು. ಉಣ್ಣಲು ಕೂತವರ ಗಂಗಾಳದೊಳಗೆ ಮೇಲಿಂದ ಮಣ್ಣು ಉದುರುತ್ತಿತ್ತು. ಇಂದು ಮಣ್ಣು, ನಾಳೆ ಮಾಳಿಗೆಯೇ ಅಂತ ಎಲ್ಲರಿಗೂ ಗೊತ್ತಿತ್ತು.

ಅಜ್ಜ ಪಂಪಯ್ಯನನ್ನು ಕರೆದರು.

“ಇದನ್ನ ಕೆಡವಿ ಇದ ಜಾಗಾದಾಗ ಹೊಸಾದು ಕಟ್ಟಬೇಕು. ಕೆಡವೂ ಕೆಲಸ ನಿಂದು. ಒಂದು ಜೀವಕ್ಕೂ ಗೀರು ಬೀಳಬಾರದು.”

“ಅಷ್ಟೇನ್ರಿ ಅಜ್ಜಾರ? ಕಟ್ಟೂದು ಕಷ್ಟ, ಕೆಡವಾಕ ಏನೈತ್ರಿ? ನಡುವಿನ ಕಂಬಕ್ಕ ಹಗ್ಗಾ ಬಿಗಿದು ಊರ ಮಂದಿ ಕೂಡಿ ಎಳದ್ರ ಆತು.”

ಅಜ್ಜ ಅಡುಗೆಯ ಕಡೆ ನೋಡಿದರು.

“ಹಸಿವ್ಯಾಗೇತಿ. ಒಂದು ರೊಟ್ಟಿ ತಾ,” ಅಂದರು.

ಅಡುಗೆಯ ನೀಲವ್ವ ಖಡಕ್ ರೊಟ್ಟಿ ಬಡಿದು ಮೊಣಕಾಲೆತ್ತರ ಒಟ್ಟಿದ್ದಳು. ಪಂಪಯ್ಯ ಮೇಲಿನದಕ್ಕೆ ಕೈ ಹಾಕಿದ.

“ಅದು ಬ್ಯಾಡ. ಎಲ್ಲಾಕ್ಕಿಂತ ಕೆಳಗಿಂದು ಬೇಕು ನನಗ.”

ಗುರುವಿನ ಮಾತು. ಪಂಪಯ್ಯ ಕೆಳಗಿನದನ್ನು ಹಿಡಿದು ಎಳೆದ. ರೊಟ್ಟಿಯ ಗೋಪುರ ವಾಲಿತು, ಜಾರಿತು, ನೆಲಕ್ಕೆ ಬಿದ್ದು ಚೂರುಚೂರಾಯಿತು.

“ಅಯ್ಯ ನಿನ್ನ ಕೈಯಾಗ ಏನೈತೋ ಮಾರಾಯಾ!” ನೀಲವ್ವ ಸೌಟು ಹಿಡಿದೇ ಓಡಿ ಬಂದಳು. “ಮುಂಜಾನಿಂದ ಬಡದ ರೊಟ್ಟಿ! ಉಣ್ಣಾಕ ಬಂದವರಿಗೆ ಪುಡಿ ನೀಡ್ಲೇನು?”

ಅಜ್ಜ ಒಂದು ಚೂರು ಎತ್ತಿ ಶೇಂಗಾಚಟ್ನಿಗೆ ಒತ್ತಿ ಬಾಯಿಗಿಟ್ಟುಕೊಂಡರು.

“ಕಡೀಕ ಬಂದು ಕುಂತ ರೊಟ್ಟಿ ಯಾವುದೋ ಪಂಪಯ್ಯ?”

“ಮ್ಯಾಲಿಂದ್ರಿ.”

“ಮೊದಲ ಏಳಬೇಕಾದ್ದು?”

ಪಂಪಯ್ಯ ಚೂರುಗಳನ್ನು ನೋಡಿದ. ಆಮೇಲೆ ದಾಸೋಹದ ಮನೆಯ ಮಾಳಿಗೆಯನ್ನು ನೋಡಿದ. ಹಗ್ಗದ ಮಾತು ಮತ್ತೆ ಎತ್ತಲಿಲ್ಲ.

ಅಂದಿನಿಂದ ಅವನ ಲಕ್ಷ್ಯವೇ ಬೇರೆಯಾಯಿತು. ಮನೆ ಹೇಗೆ ಮೇಲೆದ್ದಿತ್ತು ಅಂತ ಕೂತು ಕೂತು ಯೋಚಿಸಿದ. ಗೋಡೆ ಎದ್ದಿತ್ತು, ಕಂಬ ನಿಂತಿತ್ತು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಹಾಗಾದರೆ ಮೊದಲು ಮಣ್ಣು ಇಳಿಯಬೇಕು. ಭಾರ ಇಳಿದ ಮೇಲೆ ಹಲಗೆ, ಆಮೇಲೆ ಜಂತಿ, ಆಮೇಲೆ ತೊಲೆ. ಕೊನೆಗೆ ಗೋಡೆಗಳನ್ನು ಒಳಮುಖವಾಗಿ ಉರುಳಿಸಬೇಕು.

ಒಲೆಗಳನ್ನು ಬೇವಿನ ಮರದ ಕೆಳಗೆ ಸಾಗಿಸಿದ. ಧೂಳಿಗೆ ಅಂತ ನೀರಿನ ಕೊಡ ತುಂಬಿಸಿದ. ಕಲ್ಲು ಸಿಡಿದರೆ ಎಲ್ಲಿಯವರೆಗೆ ಹೋದೀತು ಅಂತ ಅಂದಾಜು ಮಾಡಿ ಮನೆಯ ಸುತ್ತ ಒಲೆಬೂದಿಯ ಗೆರೆ ಎಳೆದ.

“ಕೆಲಸ ನಡದಾಗ ಈ ಗೆರಿ ಒಳಗ ಕೆಲಸದವರನ್ನ ಬಿಟ್ಟು ಯಾರೂ ಕಾಲಿಡಬಾರದು,” ಅಂತ ಎಲ್ಲರಿಗೂ ಸಾರಿದ.

ಅಜ್ಜ ಬಂದು ಗೆರೆಯ ಗುಂಟ ನಡೆದರು. ಮೂರು ಕಡೆ ಗೆರೆ ದೂರ ದೂರ ಓಡಿತ್ತು. ನಾಲ್ಕನೆಯ ಕಡೆ ಗೋಡೆಗೆ ಬಂದು ತಟ್ಟಿ ನಿಂತಿತ್ತು.

“ಇಲ್ಲಿಗ್ಯಾಕ ನಿಂತತಿ?”

“ಮಠದ ಜಾಗಾ ಅಲ್ಲಿಗೆ ಮುಗೀತ್ರಿ. ಆ ಮಗ್ಗಲಾ ದುರುಗವ್ವನ ಮನಿ. ನಡುವ ಈ ಗ್ವಾಡಿ.”

“ಅವರ ಮನಿ ಒಳಗ ಹೋಗಿ ನೋಡಿದೇನು?”

“ಹೆಂಗ ಹೋಗ್ಲಿರಿ? ದುರುಗವ್ವನ ಮಗಳು ಹಡದಾಳ. ಪುರುಡು ಐತಿ. ಹಡದ ಮನಿ ಮೈಲಿಗಿ ಕಳದು ಕೂಸಿಗೆ ಹೆಸರಿಡೂತನ ಮಠದವರು ಹೊಸ್ತಿಲಾ ದಾಟಬಾರದು. ಅವರ ಕಡೆ ಅವರದ ಬ್ಯಾರೆ ಗ್ವಾಡಿ ಇರತೈತ್ರಿ ಅಜ್ಜಾರ, ಅವರಿಗೇನೂ ಆಗೂದಿಲ್ಲ.”

“ಹೂಂ,” ಅಂದರು ಅಜ್ಜ. “ನಾಳೆ ನಾ ಎಲ್ಲಿ ಕುಂಡ್ರಲಿ?”

“ಗೆರಿ ಹೊರಗ ಎಲ್ಲಿ ಬೇಕಾದಲ್ಲಿ ಕುಂಡ್ರಿ. ನಿಮ್ಮ ಕೂದಲಾ ಕೊಂಕೂದಿಲ್ಲ. ನಾ ಅದೀನಲ್ರಿ!”

ಬೆಳಗಾಯಿತು. ಕೆಲಸದವರು ಮಾಳಿಗೆ ಏರಿದರು. ಗುದ್ದಲಿ ಎತ್ತಿ ಪಂಪಯ್ಯನ ಮಾತಿಗೆ ಕಾದು ನಿಂತರು.

ಪಂಪಯ್ಯ ಸುತ್ತ ನೋಡಿದ. ನೀಲವ್ವ ಬೇವಿನ ಕೆಳಗೆ ಇದ್ದಳು. ದನಗಳು ದೂರ ಇದ್ದವು. ಅಜ್ಜ ಮಾತ್ರ ಕಾಣಲಿಲ್ಲ. ಖೋಲಿಯಲ್ಲಿ ಇಲ್ಲ, ಹೊಳೆಯ ಮೆಟ್ಟಿಲ ಮೇಲೆ ಇಲ್ಲ.

ಅಷ್ಟರಲ್ಲಿ ದುರುಗವ್ವ ತನ್ನ ಬಾಗಿಲಿಗೆ ಬಂದಳು.

“ಯಾರನ್ನ ಹುಡುಕಾಕ ಹತ್ತಿರಿ ಸ್ವಾಮಿ? ನಿಮ್ಮ ಅಜ್ಜಾರು ನಮ್ಮನ್ಯಾಗ ಅದಾರ. ತೊಟ್ಟಿಲಾ ತೂಗಾಕ ಹತ್ಯಾರ.”

ಪಂಪಯ್ಯ ಓಡಿ ಬಂದ. ಹೊಸ್ತಿಲ ಹತ್ತಿರ ಕಾಲು ತಾನೇ ನಿಂತಿತು.

“ಅಜ್ಜಾರ! ಹೊರಗ ಬರ್ರಿ!”

ಒಳಗಿನ ಕತ್ತಲೆಯಿಂದ ಅಜ್ಜನ ದನಿ ಬಂತು. “ಯಾಕಪಾ?”

“ಕೆಡವಾಕ ಸುರು ಮಾಡಬೇಕ್ರಿ.”

“ಮಾಡು ಮತ್ತ. ನಾ ನಿನ್ನ ಗೆರಿ ಹೊರಗ ಅದೀನಿ.”

“ಪುರುಡ್ರಿ ಅಜ್ಜಾರ, ಅಲ್ಲಿ ಪುರುಡು!”

“ಈ ಗ್ವಾಡೀದು ಒಂದು ಮಗ್ಗಲಾ ಮಠದಾಗ ಐತಿ, ಒಂದು ಮಗ್ಗಲಾ ಪುರುಡಿನಾಗ ಐತಿ. ಅದಕ್ಕ ಏನಂತ ಹೇಳ್ಲಿ?”

ಪಂಪಯ್ಯ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ದುರುಗವ್ವ ಸೆರಗಿನಲ್ಲಿ ನಗು ಮುಚ್ಚಿದಳು. “ಬರ್ರಿ ಸ್ವಾಮಿ, ಹೆದರಬ್ಯಾಡ್ರಿ. ಕೂಸು ಕಚ್ಚೂದಿಲ್ಲ. ಅದಕ್ಕಿನ್ನ ಹಲ್ಲು ಬಂದಿಲ್ಲ.”

ಪಂಪಯ್ಯ ಒಮ್ಮೆ ಆಚೆ ನೋಡಿದ, ಒಮ್ಮೆ ಈಚೆ ನೋಡಿದ. ಆಮೇಲೆ ತಲೆ ಬಗ್ಗಿಸಿ ಹೊಸ್ತಿಲು ದಾಟಿದ.

ಮೊದಲಿಗೆ ಏನೂ ಕಾಣಲಿಲ್ಲ. ಓಮದ ಹೊಗೆ ಮೂಗಿಗೆ ಬಡಿಯಿತು. ಕಣ್ಣು ಕತ್ತಲೆಗೆ ಹೊಂದಿದಾಗ ಬಾಣಂತಿ ಕಂಡಳು. ಕಿವಿಗೆ ಅರಿವೆ ಕಟ್ಟಿಕೊಂಡು ಗೋಡೆಗೆ ಬೆನ್ನು ಹಚ್ಚಿ ಮಲಗಿದ್ದಳು. ಅದೇ ಗೋಡೆಗೆ.

ಪಕ್ಕದಲ್ಲಿ ತೊಟ್ಟಿಲು. ತೊಟ್ಟಿಲ ಹಗ್ಗ ಹಿಡಿದು ಅಜ್ಜ.

ಪಂಪಯ್ಯನ ಕಣ್ಣು ಹಗ್ಗದ ಗುಂಟ ಮೇಲೆ ಹೋಯಿತು. ಹಗ್ಗ ಒಂದು ಜಂತಿಗೆ ಕಟ್ಟಿತ್ತು. ಕಣ್ಣು ಆ ಜಂತಿಯ ಗುಂಟ ಸರಿಯಿತು. ಜಂತಿಯ ತುದಿ ಮಠದ ಗೋಡೆಯೊಳಗೆ ಹೋಗಿ ಕೂತಿತ್ತು. ಅದರ ಬಾಜೂ ಇನ್ನೊಂದು, ಅದರಾಚೆ ಮತ್ತೊಂದು. ಈ ಕಡೆ ಬೇರೆ ಗೋಡೆಯೇ ಇರಲಿಲ್ಲ; ದುರುಗವ್ವನ ಮನೆಯ ಮಾಳಿಗೆಯೆಲ್ಲ ಆ ಗೋಡೆಯ ಹೆಗಲ ಮೇಲೆ ಮಲಗಿತ್ತು.

ಆ ಗೋಡೆಯನ್ನು ಅವನು ಸಂಜೆಯೊಳಗೆ ಉರುಳಿಸುವವನಿದ್ದ.

ಪಂಪಯ್ಯ ಹೊರಗೆ ಓಡಿದ. “ಇಳೀರಿ! ಎಲ್ಲಾರೂ ಇಳೀರಿ! ಯಾರೂ ಏನೂ ಮುಟ್ಟಬ್ಯಾಡ್ರಿ!”

ತಿರುಗಿ ಬಂದು ಅಜ್ಜನ ಮುಂದೆ ಕುಸಿದು ಕೂತ.

“ನನ್ನಿಂದ ಆಗೂದಿಲ್ರಿ. ಈ ಕೆಲಸಾ ಬ್ಯಾರೆಯವರಿಗೆ ಕೊಡ್ರಿ.”

“ನೀ ಈಗ ಜಂತಿ ನೋಡಿ ಬಂದಿ. ಅದನ್ನ ನೋಡದವನನ್ನ ಹುಡುಕಿ ತರ್ಲೇನು?” ಅಂದರು ಅಜ್ಜ. “ಏಳು. ಮುಂದೇನು ಮಾಡ್ತಿ ಹೇಳು.”

ಪಂಪಯ್ಯ ಕಣ್ಣೊರೆಸಿಕೊಂಡ. ಮತ್ತೆ ಮೇಲೆ ನೋಡಿದ. ಈ ಸಲ ಅವಸರ ಮಾಡಲಿಲ್ಲ.

“ಮೊದಲ ದುರುಗವ್ವನ ಮಾಳಿಗಿಗೆ ಅದರದ ಕಾಲು ಕೊಡಬೇಕ್ರಿ. ಗ್ವಾಡಿ ಬದಿಗೆ ಹೊಸಾ ಕಂಬಾ ನಿಲ್ಲಿಸಿ, ಮ್ಯಾಲೆ ತೊಲಿ ಏರಿಸಿ, ಜಂತಿ ತುದಿ ಎಲ್ಲಾ ಅದರ ಮ್ಯಾಲೆ ಕುಂಡ್ರಿಸಬೇಕು. ಗ್ವಾಡಿಗೆ ಎರಡೂ ಕಡೆ ಓರೆಯಾಗಿ ಮರ ಹಚ್ಚಿ ಆನಿಕಿ ಕೊಟ್ಟು ನಿಲ್ಲಿಸಬೇಕು. ಆಮ್ಯಾಲೆ ನಮ್ಮ ಮಾಳಿಗಿಗೆ ಕೈ. ಗ್ವಾಡಿ ಉರುಳಸೂದಿಲ್ಲ. ಒಂದೊಂದ ಕಲ್ಲು ಕೈಲೆ ಇಳಸೂದು.”

“ಬಾಣಂತಿ?”

ದುರುಗವ್ವ ನಡುವೆ ಬಾಯಿ ಹಾಕಿದಳು. “ಆಕಿನ್ನ ಗಾಳಿಗೆ ಕರಕೊಂಡು ಎಲ್ಲಿ ಹೋಗ್ಲಿ? ಹಸೀ ಮೈ.”

ಪಂಪಯ್ಯ ಬಾಗಿಲಿಂದ ಮಠದ ಕಡೆ ನೋಡಿದ. ಗಾಳಿ ಆಡದ, ಬೆಚ್ಚಗಿನ, ಗೆರೆಯಿಂದ ದೂರದ ಖೋಲಿ ಅಲ್ಲಿ ಒಂದೇ ಒಂದಿತ್ತು.

“ಅಜ್ಜಾರ, ನಿಮ್ಮ ಖೋಲಿ ಕೊಡ್ತೀರೇನ್ರಿ?”

ಅಜ್ಜ ತೊಟ್ಟಿಲ ಹಗ್ಗ ಬಿಟ್ಟರು. ಎದ್ದು ಹೋಗಿ ತಮ್ಮ ಕಂಬಳಿ, ಬೆತ್ತ ತೆಗೆದುಕೊಂಡು ಜಗಲಿಗೆ ಬಂದು ಕೂತರು.

ಪಂಪಯ್ಯ ತೊಟ್ಟಿಲನ್ನು ತಲೆಯ ಮೇಲೆ ಹೊತ್ತು ಮಠದ ಅಂಗಳಕ್ಕೆ ಬಂದ. ಹಿಂದೆ ಕೂಸನ್ನು ಅವಚಿಕೊಂಡು ದುರುಗವ್ವ. ಅವಳ ಹಿಂದೆ ಕಂಬಳಿ ಹೊದ್ದ ಬಾಣಂತಿ.

ನೀಲವ್ವ ಕೆನ್ನೆಗೆ ಕೈ ಹಚ್ಚಿದಳು. “ಶಿವಶಿವಾ! ಪುರುಡು ತಂದು ಗುರುವಿನ ಖೋಲ್ಯಾಗ ಇಡ್ತಿಯಲ್ಲೋ ಪಂಪಯ್ಯ! ನಿನ್ನೆತನಾ ಹೊಸ್ತಿಲಾ ದಾಟಬಾರದು ಅಂತಿದ್ದವ ನೀನ ಅಲ್ಲೇನು?”

“ನಾನ ಬೇ. ನಿನ್ನೆ ಅಂದಿದ್ದೆ.”

“ಇವತ್ತು?”

“ಇವತ್ತು ಬಿಸಿನೀರು ಬೇಕು. ಬಾಣಂತಿಗೆ.”

ನೀಲವ್ವ ಗೊಣಗಿದಳು. ಗೊಣಗುತ್ತಲೇ ಒಲೆಗೆ ಕಟ್ಟಿಗೆ ತುಂಬಿದಳು. ಮಧ್ಯಾಹ್ನದ ಹೊತ್ತಿಗೆ ಕೂಸು ಅವಳ ತೊಡೆಯ ಮೇಲೆಯೇ ಇತ್ತು. ಯಾರು ಕೇಳಿದರೂ ಕೊಡಲೊಲ್ಲಳು.

ದುರುಗವ್ವನ ಮನೆಯೊಳಗೆ ಕಂಬ ನಿಂತಿತು, ತೊಲೆ ಏರಿತು. ಪಂಪಯ್ಯ ಒಂದೊಂದು ಜಂತಿಯ ಕೆಳಗೂ ಕೈಯಾಡಿಸಿ ನೋಡಿದ. ಬೂದಿಯ ಗೆರೆ ಅಳಿಸಿ ಹೊಸದು ಹಾಕಿದ. ಅದು ದುರುಗವ್ವನ ಮನೆಯನ್ನೂ, ಅವಳ ಮೇಕೆಯ ಗೂಟವನ್ನೂ ಬಳಸಿಕೊಂಡು ಬಂತು.

ಆಮೇಲೆ ಮಾಳಿಗೆಯ ಮಣ್ಣು ಬುಟ್ಟಿ ಬುಟ್ಟಿಯಾಗಿ ಇಳಿಯಿತು. ಹಲಗೆ ಇಳಿದವು, ಜಂತಿ ಇಳಿದವು. ದೊಡ್ಡ ತೊಲೆಯನ್ನು ಎತ್ತಿದ ಗಳಿಗೆಯಲ್ಲಿ ನಡುಗೋಡೆ ಒಮ್ಮೆ ನರಳಿತು. ದುರುಗವ್ವನ ಕಡೆಯಿಂದ ಒಂದು ಕಲ್ಲು ಕಿತ್ತು ಧಡ್ ಅಂತ ನೆಲಕ್ಕೆ ಬಿತ್ತು. ಬಾಣಂತಿಯ ಚಾಪೆ ಹಾಸಿದ್ದ ಕಡೆಯೇ ಬಿತ್ತು.

ಪಂಪಯ್ಯ ಓಡಿ ಹೋಗಿ ನೋಡಿದ. ಆನಿಕೆ ಅಲ್ಲಾಡಲಿಲ್ಲ. ಗೋಡೆ ನಿಂತಿತು. ಹೊಸ ಕಂಬದ ಮೇಲೆ ದುರುಗವ್ವನ ಮಾಳಿಗೆ ಹಾಗೇ ಮಲಗಿತ್ತು, ಒಂದು ಹಿಡಿ ಮಣ್ಣು ಉದುರಲಿಲ್ಲ.

“ಹೂಂ, ನಡೀರಿ,” ಅಂದ ಪಂಪಯ್ಯ.

ಕೊನೆಯ ಕಲ್ಲೂ ಇಳಿದು, ನಡುಗೋಡೆ ಹೊಸದಾಗಿ ಏಳುವ ಹೊತ್ತಿಗೆ ಕೂಸಿಗೆ ಹೆಸರಿಡುವ ದಿನ ಬಂತು. ತೊಟ್ಟಿಲು ಇದ್ದದ್ದು ಮಠದಲ್ಲಿ, ಹೆಸರಿಟ್ಟದ್ದೂ ಮಠದಲ್ಲೇ. ನೀಲವ್ವ ಹುಗ್ಗಿ ಮಾಡಿ ಊರಿಗೆಲ್ಲ ಬಡಿಸಿದಳು.

ಸಂಜೆ ಪಂಪಯ್ಯ ಅಜ್ಜನ ಹತ್ತಿರ ಬಂದು ಕೂತ. ಎದುರಿಗೆ ಬಯಲಾದ ಜಾಗ ಅಚ್ಚುಕಟ್ಟಾಗಿ ಗುಡಿಸಿತ್ತು. ತೆಗೆದ ಕಲ್ಲು ಒಂದು ಕಡೆ, ಉಳಿದ ಮರ ಒಂದು ಕಡೆ.

“ಯಾರಿಗೂ ಒಂದು ಗೀರು ಬಿದ್ದಿಲ್ರಿ ಅಜ್ಜಾರ.”

“ನೋಡಿದೆ.”

“ಹೊಸಾದನ್ನೂ ನಾನ ನಿಂತು ಕಟ್ಟಸ್ತೀನ್ರಿ.”

“ಕಟ್ಟಸು.”

ಪಂಪಯ್ಯ ಎದ್ದು ಹೋಗಲಿಲ್ಲ. ಅವನ ಎದೆಯೊಳಗೆ ಒಂದು ಮಾತು ಇನ್ನೂ ಉಳಿದಿತ್ತು.

“ಅಜ್ಜಾರ, ಅವತ್ತು ನಾ ಹೊಸ್ತಿಲಾ ದಾಟದ, ಹಂಗ ತಿರುಗಿ ಹೋಗಿ ‘ಕೆಡವ್ರಿ’ ಅಂದಿದ್ರ?”

“ಹೂಂ?”

“ಆಗೂ ನೀವು ಅಲ್ಲೇ ಕುಂತಿರತಿದ್ರೇನ್ರಿ?”

ಅಜ್ಜ ಅವನ ಬೆನ್ನ ಮೇಲೆ ಕೈ ಇಟ್ಟರು.

“ಕೂಸು ಅಲ್ಲೇ ಇತ್ತಲ್ಲೋ ತಮ್ಮಾ.”