ಅಳಿವೆ ಬಾಯಿಯ ಏಳು ಮಾರು

ಹಡಗು ಅಳಿವೆಯ ಬಾಯಿಗೆ ಬಂದಾಗ, ಆಳ ಅಳೆಯುವ ಸೀಸದ ಗುಂಡು ನೀರಿಗಿಳಿದು ತಳ ಮುಟ್ಟಿ ಮೇಲೆ ಬಂತು.

"ಎರಡೇ ಮಾರು ನೀರು! ಮುಂದೆ ಹೋದರೆ ತಳ ತಾಗುತ್ತದೆ, ತಿರುಗು!" ಎಂದು ಅದು ಚುಕ್ಕಾಣಿಗೆ ಕೂಗಿತು.

ಚುಕ್ಕಾಣಿ ನಕ್ಕಿತು. "ದಡದ ಮಕ್ಕಳು ಹಾಡುವುದನ್ನು ಕೇಳಿಲ್ಲವೇ? 'ಅಳಿವೆ ಬಾಯಲಿ ಏಳು ಮಾರು, ಹಾಯಿ ಬಿಚ್ಚಿ ಊರು ಸೇರು.' ನಮ್ಮ ತಂಡೇಲ ತೊಟ್ಟಿಲಲ್ಲೇ ಕಲಿತ ಹಾಡು. ಅವನು ಹಡಗು ನಡೆಸುವುದೂ ಅದರಂತೆಯೇ."

ಗುಂಡಿಗೆ ಮೈಯೆಲ್ಲ ಉರಿಯಿತು. "ಹಾಡು ಕಟ್ಟಿದವರ ಕಾಲಕ್ಕೆ ಏಳಿತ್ತೇನೋ! ಆಮೇಲೆ ಎಷ್ಟು ಮಳೆಗಾಲದ ಹೂಳು ಬಂದು ಬಿದ್ದಿದೆ! ತಳದ ಮಣ್ಣು ಹಿಡಿಯಲೆಂದು ನನ್ನ ಹೊಟ್ಟೆಗೆ ಮೆತ್ತಿದ ಮೇಣಕ್ಕೆ ಅಂಟಿದ ಮರಳನ್ನಾದರೂ ಕಣ್ಣು ಬಿಟ್ಟು ನೋಡು!"

"ಅಜ್ಜ ಮುತ್ತಜ್ಜಂದಿರಿಗಿಂತ ನಿನಗೇ ಹೆಚ್ಚು ಗೊತ್ತೋ?" ಎಂದ ಚುಕ್ಕಾಣಿ ಒಂದಿಷ್ಟೂ ತಿರುಗಲಿಲ್ಲ.

ಹಡಗು ಮರಳುದಿಬ್ಬಕ್ಕೆ ಬಡಿದು ಎರಡು ಹೋಳಾಯಿತು. ಜನ ಹೇಗೋ ಈಜಿ ದಡ ಸೇರಿದರು. ಗುಂಡನ್ನು ಮೀನುಗಾರರ ಬಲೆಯೊಂದು ದಂಡೆಗೆ ಎಳೆದು ತಂತು.

ಮರುವರ್ಷ ಮಕ್ಕಳು ಆ ಗುಂಡಿನ ಸುತ್ತಲೇ ಕುಣಿಯುತ್ತ ಹಾಡಿದರು. ಏಳು ಮಾರು ಏಳಾಗಿಯೇ ಉಳಿದಿತ್ತು. ಕೊನೆಗೆ ಹೊಸ ಸಾಲೊಂದು ಮಾತ್ರ ಸೇರಿಕೊಂಡಿತ್ತು:

"ಸುಳ್ಳು ಗುಂಡನು ನಂಬಿ ಕೆಟ್ಟೆವು, ಯಾರಿಗೆ ಹೇಳುವ ದೂರು?"