ಸೋಮವಾರದ ಓಟ

"ಗುರುಗಳೇ, ಅವನೇ ಮೊದಲು ನಿಲ್ಲಿಸುವಂತೆ ಮಾಡುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ದೀಪದ ಬತ್ತಿ ಹೊಸೆಯುತ್ತಿದ್ದರು. "ಏನನ್ನು ನಿಲ್ಲಿಸಬೇಕು?" ಎಂದರು.

ಶಿಷ್ಯ ವಿವರಿಸಿದ. ಮಠದಲ್ಲಿ ಅವನಿಗೊಬ್ಬ ಜೊತೆಗಾರನಿದ್ದ. ಇಬ್ಬರೂ ಗೆಳೆಯರೇ. ಜೊತೆಗಾರ ಒಂದು ದಿನ ಕೋಳಿ ಕೂಗುವ ಮೊದಲೇ ಎದ್ದು ಜಪಕ್ಕೆ ಕುಳಿತ. ಮರುದಿನ ಇವನು ಅವನಿಗಿಂತ ಮೊದಲು ಎದ್ದ. ಅದರ ಮರುದಿನ ಅವನು ಇನ್ನೂ ಬೇಗ ಎದ್ದ. ಹೀಗೇ ಹೋಗಿ ಹೋಗಿ ಈಗ ಇಬ್ಬರೂ ಮಲಗುವುದನ್ನೇ ಬಿಟ್ಟಂತಾಗಿತ್ತು. ಬೆಳಿಗ್ಗೆ ಮಠದ ಜಗಲಿಗೆ ಬರುವ ಊರ ಮಕ್ಕಳಿಗೆ ಅಕ್ಷರ ಕಲಿಸಬೇಕಾದವರು ಇವರಿಬ್ಬರೇ. ಮಕ್ಕಳು ಸ್ಲೇಟು ಹಿಡಿದು ಕೂತಿರುತ್ತಿದ್ದವು. ಇವರು ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು.

"ಇದು ಜಪವಲ್ಲ, ಬರೀ ಹಟ ಅಂತ ನನಗೂ ಗೊತ್ತು," ಎಂದ ಶಿಷ್ಯ. "ಆದರೆ ನಾನು ಮೊದಲು ಬಿಟ್ಟರೆ ಸೋತ ಹಾಗಾಗುತ್ತದೆ. ಅವನು ಬಿಡಲಿ, ಆ ಗಳಿಗೆಯಲ್ಲೇ ನಾನೂ ಬಿಡುತ್ತೇನೆ."

ಗುರುಗಳು ಹತ್ತಿಯನ್ನು ಪಕ್ಕಕ್ಕಿಟ್ಟರು. "ನಿಮ್ಮಿಬ್ಬರಿಂದ ನನಗೆ ಸಾಕುಸಾಕಾಗಿದೆ. ಕೂತುಕೋ, ಒಂದು ಕತೆ ಹೇಳುತ್ತೇನೆ," ಎಂದು ಶುರುಮಾಡಿದರು.

ಬಯಲುಸೀಮೆಯಲ್ಲಿ ಒಂದು ಊರು. ಸೋಮವಾರ ಬಸವಣ್ಣನ ದಿನವೆಂದು ಅಲ್ಲಿ ಯಾರೂ ಎತ್ತಿಗೆ ನೊಗ ಹೂಡುವುದಿಲ್ಲ. ಎತ್ತಿಗೆ ಬಿಡುವು ಸಿಕ್ಕಿದರೆ ಮನುಷ್ಯ ಸುಮ್ಮನಿರಬೇಕಲ್ಲ? ಇರಲಾರ. ಆ ಊರಿನ ಹತ್ತಾರು ಗಂಡಸರು ಸೋಮವಾರ ಬೆಳಗಾಗುತ್ತಲೇ ಅರಳಿಕಟ್ಟೆಯಲ್ಲಿ ಸೇರುತ್ತಿದ್ದರು. ಅಲ್ಲಿಂದ ದೂರದ ಬೆಟ್ಟದ ಬುಡಕ್ಕೆ ಓಡಿ, ಅಲ್ಲಿನ ಬಸವನ ಕಲ್ಲನ್ನು ಮುಟ್ಟಿ, ಮತ್ತೆ ಕಟ್ಟೆಗೆ ಓಡಿ ಬರುತ್ತಿದ್ದರು. ಗೆದ್ದವನಿಗೆ ಬಹುಮಾನವೇನೂ ಇರಲಿಲ್ಲ. ಕಟ್ಟೆಯ ಮೇಲೆ ಮೊದಲು ಕೂತು, ಆಮೇಲೆ ಬಂದವರಿಗೆಲ್ಲ "ಬನ್ನಿ ಬನ್ನಿ, ನಿಧಾನಕ್ಕೆ ಬನ್ನಿ" ಎನ್ನುವ ಹಕ್ಕು, ಅಷ್ಟೇ. ಅಷ್ಟಕ್ಕೆ ಅವರು ಪ್ರಾಣ ಬಿಡುತ್ತಿದ್ದರು.

ಅವರಲ್ಲಿ ಒಬ್ಬ ರೈತ, ಒಬ್ಬ ಬಳೆಗಾರ. ಇಬ್ಬರೂ ಜೀವದ ಗೆಳೆಯರು. ರೈತನ ಮನೆಯಲ್ಲಿ ಹಬ್ಬವಾದರೆ ಬಳೆಗಾರನಿಗೆ ಎಲೆ ಹಾಕದೆ ಊಟ ಶುರುವಾಗುತ್ತಿರಲಿಲ್ಲ. ಸೋಮವಾರ ಮಾತ್ರ ಇಬ್ಬರಿಗೂ ತಲೆ ಕೆಡುತ್ತಿತ್ತು. ರೈತ ಮಂಡಿನೋವೆಂದು ಕುಂಟುತ್ತಾ ಕಟ್ಟೆಗೆ ಬರುತ್ತಿದ್ದ. ಓಟ ಶುರುವಾದದ್ದೇ ತಡ, ಜಿಂಕೆಯಾಗುತ್ತಿದ್ದ. ಬಳೆಗಾರ ವಾರವೆಲ್ಲ ಒಂದು ಹೆಜ್ಜೆಯೂ ಓಡಿಲ್ಲವೆಂದು ಆಣೆ ಇಡುತ್ತಿದ್ದ. ಆದರೆ ಅವನು ಹೆಗಲ ಮೇಲೆ ಬಳೆಯ ಮಲಾರ ಹೊತ್ತುಕೊಂಡೇ ಹಳ್ಳಿಯಿಂದ ಹಳ್ಳಿಗೆ ಓಡುತ್ತಿದ್ದುದನ್ನು ಎಲ್ಲರೂ ಕಂಡಿದ್ದರು. ಒಬ್ಬರ ಸುಳ್ಳು ಇನ್ನೊಬ್ಬರಿಗೆ ಗೊತ್ತಿತ್ತು. ಆದರೂ ಪ್ರತಿ ವಾರ ಹೇಳುತ್ತಿದ್ದರು.

ಅವರ ಓಟಕ್ಕೆ ಒಂದು ಕಟ್ಟಳೆಯಿತ್ತು. ಹೊರಟವರನ್ನು ಹಿಂದಿನಿಂದ ಕೂಗಬಾರದು ಎಂಬುದು ನಮ್ಮ ಜನರ ನಂಬಿಕೆ ತಾನೇ? ಇವರು ಅದನ್ನೇ ಓಟಕ್ಕೂ ತಂದಿದ್ದರು. ಹಿಂದಿರುವವನು ಮುಂದಿರುವವನನ್ನು ಕೂಗಿದರೆ ಕೂಗಿದವನೇ ಸೋತಂತೆ.

ರೈತನಿಗೆ ಒಬ್ಬಳು ಮಗಳು. ಮೂರು ಸಂಬಂಧ ಬಂದು ತಪ್ಪಿಹೋಗಿದ್ದವು. ನಾಲ್ಕನೆಯದನ್ನು ಬಳೆಗಾರ ತಂದ. ಬಳೆ ತೊಡಿಸಲು ಹತ್ತೂರ ಮನೆಯೊಳಗೆ ಹೋಗಿಬರುವವನು, ಒಳ್ಳೆಯ ಮನೆಯನ್ನೇ ನೋಡಿದ್ದ. ಹುಡುಗನನ್ನು ಅವಳು ಮನಸಾರೆ ಒಪ್ಪಿದಳು. ಅವನೂ ಒಪ್ಪಿದ. ವೀಳ್ಯ ಬದಲಾಯಿಸಲು ಒಂದು ಸೋಮವಾರ ಗೊತ್ತಾಯಿತು. ಹೆಣ್ಣಿನ ತಂದೆ ವೀಳ್ಯ ಹಿಡಿಯಬೇಕು, ಸಂಬಂಧ ತಂದವನು ಪಕ್ಕದಲ್ಲಿ ನಿಲ್ಲಬೇಕು. ಅದು ಆ ಸೀಮೆಯ ರೂಢಿ.

ಆ ಸೋಮವಾರ ಬೆಳಿಗ್ಗೆ ರೈತ ಪಂಚೆ ಎತ್ತಿ ಕಟ್ಟಿದ. ಹೆಂಡತಿ ಕಂಡಳು.

"ಇವತ್ತೊಂದಿನ ಓಡ್ದಿದ್ರೆ ನಿಮ್ಮ ಕಾಲೇನು ಬಿದ್ದೋಗ್ತವಾ?" ಎಂದಳು.

"ಓಡಕ್ಕಲ್ಲ ಕಣೇ. ಸುಮ್ನೆ ಕಟ್ಟೆತಾವ ಹೋಗಿ ನೋಡ್ಕಂಡು ಬತ್ತೀನಿ. ಅವ್ನು ಬಂದಿಲ್ಲ ಅಂದ್ರೆ ಹಂಗೇ ವಾಪಸ್ಸು."

ಬಳೆಗಾರನೂ ತನ್ನ ಮನೆಯಲ್ಲಿ ಇದೇ ಮಾತು ಹೇಳಿ ಬಂದಿದ್ದ. ಇಬ್ಬರೂ ನೋಡಲೆಂದು ಬಂದರು, ಒಬ್ಬರಿಗೊಬ್ಬರು ಸಿಕ್ಕಿದರು, ಓಟ ಶುರುವಾಯಿತು. ಇಂಥವರಿಗೆ ಏನೆನ್ನಬೇಕು, ನೀನೇ ಹೇಳು.

ಇಬ್ಬರೂ ಉಳಿದವರನ್ನು ಬಹಳ ಹಿಂದೆ ಬಿಟ್ಟರು. ರೈತ ಮುಂದೆ, ಬಳೆಗಾರ ಅವನ ಬೆನ್ನಿಗೆ. ಬೆಟ್ಟದ ದಾರಿಯಲ್ಲಿ ಒಂದು ಕವಲಿದೆ. ಬಲಕ್ಕೆ ಹೋದರೆ ಬೆಟ್ಟ. ಎಡಕ್ಕೆ ಹೋದರೆ ಕುರಿ ಮೇಯಿಸುವ ಬೀಳು, ಆ ಕಡೆ ಒಂದು ಊರೂ ಇಲ್ಲ. ಕವಲಿಗೆ ಬಂದಾಗ ರೈತ ಹಿಂದೆ ತಿರುಗಿ, ಬಳೆಗಾರ ಎಷ್ಟು ಹತ್ತಿರ ಬಂದ ಎಂದು ನೋಡುತ್ತಿದ್ದ. ಕಾಲು ಎಡಕ್ಕೆ ಹೋಯಿತು. ಬಳೆಗಾರ ರೈತನ ಹಿಮ್ಮಡಿಯನ್ನೇ ನೋಡುತ್ತಿದ್ದ. ಅವನೂ ಎಡಕ್ಕೆ ಹೋದ. ಹಿಂದೆ ಬರುತ್ತಿದ್ದವರು ಇದನ್ನು ಕಂಡರು. ಕೂಗಿದರೆ ಸೋತಂತೆ! ಬಾಯಿ ಮುಚ್ಚಿಕೊಂಡು ಬಲಕ್ಕೆ ತಿರುಗಿ, ಕಲ್ಲು ಮುಟ್ಟಿ, ಮನೆಗೆ ಹೋಗಿ ಮುದ್ದೆ ಉಂಡರು.

ಸ್ವಲ್ಪ ದೂರ ಹೋದ ಮೇಲೆ ರೈತ ತಲೆಯೆತ್ತಿದ. ಎದುರಿಗಿರಬೇಕಾದ ಬೆಟ್ಟ ಬಲಭುಜದ ಪಕ್ಕದಲ್ಲಿತ್ತು. ದಾರಿ ತಪ್ಪಿದೆ ಎಂದು ಅವನಿಗೆ ತಿಳಿಯಿತು. ಆದರೆ ಈಗ ತಿರುಗಿದರೆ ಏನಾಗುತ್ತದೆ? ಹಿಂದಿರುವ ಬಳೆಗಾರನೂ ತಿರುಗುತ್ತಾನೆ. ತಿರುಗಿದ ಕ್ಷಣವೇ ಅವನು ಮುಂದೆ, ತಾನು ಹಿಂದೆ! ಇಷ್ಟು ಹೊತ್ತು ಬೆವರು ಸುರಿಸಿ ಮುಂದೆ ಬಂದದ್ದು ಇದಕ್ಕಾಗಿಯೇ? ರೈತ ಇನ್ನೂ ಜೋರಾಗಿ ಓಡಿದ.

ಬಳೆಗಾರನಿಗೂ ತಿಳಿಯಿತು. ಅವನು ಬೇರೆ ಲೆಕ್ಕ ಹಾಕಿದ. ತಾನೊಬ್ಬನೇ ತಿರುಗಿದರೆ, ಬಳೆಗಾರ ಅರ್ಧ ದಾರಿಯಲ್ಲಿ ಉಸಿರು ಸಿಕ್ಕದೆ ವಾಪಸಾದ ಎಂದು ನಾಳೆ ಊರೆಲ್ಲ ಆಡಿಕೊಳ್ಳುತ್ತದೆ. ಕೂಗಿ ಹೇಳೋಣವೆಂದರೆ ಕಟ್ಟಳೆ. ಅವನೂ ಜೋರಾಗಿ ಓಡಿದ.

ಬೀಳಿನಲ್ಲಿ ಒಬ್ಬ ಅಜ್ಜಿ ಕುರಿ ಮೇಯಿಸುತ್ತಿದ್ದಳು. ಅವರನ್ನು ಕಂಡು ಗಾಬರಿಯಾದಳು.

"ಎಲ್ಲಿಗ್ರಪ್ಪಾ ಹಿಂಗೆ ಓಡ್ತಿದ್ದೀರಿ? ಮುಂದೆ ಏನೂ ಇಲ್ಲ!" ಎಂದು ಕೂಗಿದಳು.

"ಗೊತ್ತು ಕಣಜ್ಜಿ!" ಎಂದು ರೈತ ನಿಲ್ಲದೆ ಹೇಳಿದ.

"ನಂಗೂ ಗೊತ್ತು ಕಣಜ್ಜಿ!" ಎಂದು ಬಳೆಗಾರ ಅವನ ಹಿಂದೆಯೇ ಹೇಳಿದ.

ಕಾಲು ಸೋಲುವವರೆಗೆ ಓಡಿದರು. ಕೊನೆಗೆ ಒಂದು ಬತ್ತಿದ ಹಳ್ಳದಲ್ಲಿ ಇಬ್ಬರೂ ಒಟ್ಟಿಗೆ ಬಿದ್ದರು. ಉಸಿರು ಬಂದ ಮೇಲಾದರೂ ಮನೆಯ ನೆನಪಾಯಿತೇ? ಇಲ್ಲ. ಯಾರು ಮೊದಲು ಬಿದ್ದದ್ದು ಎಂದು ಜಗಳವಾಡಿದರು. ಹೊತ್ತು ನೆತ್ತಿಗೆ ಬಂದಿತ್ತು. ಆಗ ರೈತ ತಲೆಯ ಮೇಲೆ ಕೈಹೊತ್ತು "ಮಗಳು!" ಎಂದ. ಎದ್ದು ನಡೆದರು. ಗಾಡಿ ಸಿಕ್ಕೀತೆಂದು ದಾರಿಯುದ್ದಕ್ಕೂ ನೋಡಿದರು. ಸೋಮವಾರ ಗಾಡಿ ಹೂಡುವವರು ಯಾರು?

ಇತ್ತ ಮನೆಯಲ್ಲಿ ಗಂಡಿನವರು ಬಂದು ಚಾಪೆಯ ಮೇಲೆ ಕೂತಿದ್ದರು. ತಟ್ಟೆಯಲ್ಲಿ ಎಲೆ ಅಡಿಕೆ ಇತ್ತು. ಹುಡುಗಿ ಹೂ ಮುಡಿದು ಬಾಗಿಲ ಸಂದಿಯಲ್ಲಿ ನಿಂತು ಬೀದಿ ನೋಡುತ್ತಿದ್ದಳು. ತಾಯಿ ಈಗ ಬಂದರು, ಇನ್ನೇನು ಬಂದರು ಎನ್ನುತ್ತಾ ಮಜ್ಜಿಗೆ ಕೊಟ್ಟಳು. ಒಳ್ಳೆಯ ಹೊತ್ತು ಮೀರಿತು. ಹುಡುಗ ಇನ್ನೂ ಸ್ವಲ್ಪ ಕಾಯೋಣವೆಂದು ಬೇಡಿಕೊಂಡ. ಅವನ ತಾತ ಎದ್ದು ನಿಂತ.

"ಹೆಣ್ಣು ಕೊಡೋನು ಮನೇಲಿಲ್ಲ. ಸಂಬಂಧ ತಂದೋನು ಊರಲ್ಲೇ ಇಲ್ಲ. ವೀಳ್ಯ ಯಾರ ಕೈಗೆ ಕೊಡಾದು? ಕಂಬಕ್ಕಾ?" ಎಂದ.

ಉಣ್ಣದೆ ಎದ್ದುಹೋದರು.

ಗೆಳೆಯರಿಬ್ಬರೂ ಕಾಲೆಳೆಯುತ್ತಾ ಊರ ಬಾಗಿಲಿಗೆ ಬಂದಾಗ ಸಂಜೆಯಾಗಿತ್ತು. ರೈತನ ಮನೆ ಬೀದಿಯ ಕೊನೆಯಲ್ಲಿ. ಇಬ್ಬರೂ ಅಲ್ಲಿಯವರೆಗೆ ಜೊತೆಯಲ್ಲೇ ನಡೆದಿದ್ದರು. ಬೀದಿ ಕಂಡಿತು. ಬಳೆಗಾರನ ಹೆಜ್ಜೆ ಸ್ವಲ್ಪ ಬಿರುಸಾಯಿತು. ರೈತ ಓರೆಗಣ್ಣಲ್ಲಿ ನೋಡಿದ, ಅವನೂ ಬಿರುಸಾದ. ಆಮೇಲೆ ಇಬ್ಬರೂ ಓಡಿದರು. ಹೌದಪ್ಪ, ಓಡಿದರು! ಅಷ್ಟಾದ ಮೇಲೂ! ಇದನ್ನು ಹೇಳುವಾಗ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ರೈತ ಒಂದು ಕೈ ಅಳತೆಯಷ್ಟು ಮುಂದಾಗಿ ತನ್ನ ಮನೆಯ ಜಗಲಿಯ ಕಂಬಕ್ಕೆ ಹೊಡೆದು, "ನಾನೇ ಮೊದ್ಲು!" ಎಂದು ಕಿರುಚಿದ.

ಮಗಳು ಜಗಲಿಯ ಮೇಲೆ ಕೂತು ಮುಡಿಯಿಂದ ಹೂ ತೆಗೆಯುತ್ತಿದ್ದಳು. ಚಾಪೆ ಖಾಲಿಯಿತ್ತು. ಅವಳು ಅಪ್ಪನ ಮುಖ ನೋಡಿದಳು.

"ಹೂಂ ಕಣಪ್ಪ, ನೀನೇ ಮೊದ್ಲು," ಎಂದು ಒಳಗೆ ಹೋದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮತ್ತೆ ಹತ್ತಿ ತೆಗೆದುಕೊಂಡು ಬತ್ತಿ ಹೊಸೆಯತೊಡಗಿದರು.

ಶಿಷ್ಯ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಅವನ ಮುಖ ಅರಳಿತು.

"ಅರ್ಥವಾಯಿತು ಗುರುಗಳೇ," ಎಂದ. "ಕವಲಿನಲ್ಲಿ ಮೊದಲು ತಪ್ಪಿದವನು ರೈತ. ಬಳೆಗಾರ ಅವನನ್ನು ಹಿಂಬಾಲಿಸಿದ, ಅಷ್ಟೇ. ಮೊದಲು ಬೇಗ ಎದ್ದು ಕೂತವನು ನನ್ನ ಜೊತೆಗಾರ. ಅಂದ ಮೇಲೆ ಇಬ್ಬರಲ್ಲಿ ನನ್ನ ತಪ್ಪು ಕಡಿಮೆ, ಅಲ್ಲವೇ?"

ಗುರುಗಳ ಕೈ ನಿಂತಿತು.

"ಆ ಹುಡುಗಿಗೆ ಆಮೇಲೆ ಏನಾಯಿತು ಎಂದು ಕೇಳುತ್ತೀಯೇನೋ ಅಂತ ನಾನು ಕಾಯುತ್ತಿದ್ದೆ," ಎಂದರು.