ಸೋಮವಾರದ ಡೈರಿ

ಗುಮಾಸ್ತೆ ವನಜಾಕ್ಷಿಗೆ ತಲೆ ಚಿಟ್ಟು ಹಿಡಿದಿತ್ತು. ಹೊಸ ಅಧಿಕಾರಿ ಚಿದಂಬರಯ್ಯನವರ ಇಂಗ್ಲಿಷ್ ತಿದ್ದಿದಾಗಲೆಲ್ಲ ಬೈಗುಳ. “ನಾನು ಬರೆದಂತೆ ಟೈಪ್ ಮಾಡಿ, ಒಂದಕ್ಷರ ಮುಟ್ಟಬೇಡಿ!” ಎನ್ನುತ್ತಿದ್ದರು.

ಒಂದು ದಿನ ಅವರು ಇಂಗ್ಲಿಷಿನಲ್ಲಿ ಸುತ್ತೋಲೆ ಬರೆದರು: ಸೋಮವಾರ ಎಲ್ಲರೂ ಡೈರಿ ತಂದು ತೋರಿಸಬೇಕು, ತಪ್ಪಿದರೆ ಮೆಮೊ. ಆದರೆ ಎ, ಐ ಅಕ್ಷರಗಳು ಅದಲುಬದಲಾಗಿ, ದಿನಚರಿಯ ಡೈರಿ ಹಾಲಿನ ಡೈರಿಯಾಗಿತ್ತು. ವನಜಾಕ್ಷಿ ಒಂದಕ್ಷರ ಮುಟ್ಟದೆ ಟೈಪ್ ಮಾಡಿ ಸಹಿ ಹಾಕಿಸಿದಳು.

ಸೋಮವಾರ ಅವರ ಮೇಜಿನ ಮೇಲೆ ಹಾಲಿನ ಕ್ಯಾನು ಇಟ್ಟಳು.

“ಏನ್ರೀ ಇದು?”

“ಇಡೀ ಡೈರಿ ಹೊತ್ತು ತರೋಕಾಗಲ್ಲ ಸಾರ್, ಹಾಲು ತಂದಿದ್ದೀನಿ,” ಎಂದು ಸುತ್ತೋಲೆ ಮುಂದಿಟ್ಟಳು.

ಓದಿದ ಸಾಹೇಬರ ಕಿವಿ ಕೆಂಪಾಯಿತು. “ಇದರ ಪ್ರತಿ ಜಿಲ್ಲಾ ಕಚೇರಿಗೂ ಹೋಯ್ತೇನ್ರೀ?”

“ಇನ್ನೂ ಇಲ್ಲ ಸಾರ್. ಹೀಗೇ ಕಳಿಸಲಾ?”

“ಬೇಡ! ತಿದ್ದಿಬಿಡಿ ತಾಯಿ, ತಿದ್ದಿಬಿಡಿ!”